ಗುದ್ದಿದವನ ಮೈ, ಗುದ್ದಿದವನ ಕಾರು

ಕೆನಡಾದ ಬ್ರಿಟಿಷ್ ಕೊಲಂಬಿಯಾ. ಕಾರು ರಸ್ತೆಗಿಳಿಯಬೇಕಾದರೆ ಮೂಲ ವಿಮೆ ಕಡ್ಡಾಯ. ಅದು ಸಿಗುವುದು ಪ್ರಾಂತ್ಯ ಸರ್ಕಾರದ ವಿಮಾ ಸಂಸ್ಥೆ ಐಸಿಬಿಸಿಯಿಂದ ಮಾತ್ರ. 1973ರಲ್ಲಿ ಅಲ್ಲಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಡೇವ್ ಬ್ಯಾರೆಟ್ ಸರ್ಕಾರ ಈ ಸಂಸ್ಥೆಯನ್ನು ಹುಟ್ಟುಹಾಕಿತು. ಅದೇ ವರ್ಷ ಭಾರತ 107 ಸಾಮಾನ್ಯ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ ನಾಲ್ಕು ಮಾಡಿತು.

ಪಾಲಿಸಿ ಸರ್ಕಾರದ್ದು, ಅಂಗಡಿ ಖಾಸಗಿ ಬ್ರೋಕರನದು. ನಂಬರ್ ಪ್ಲೇಟನ್ನೂ ಅವನೇ ಕೈಗೆ ಕೊಡುತ್ತಾನೆ.

ಕಾರು ಮಾರಿದವರು ಪ್ಲೇಟು ಬಿಚ್ಚಿ ಮನೆಗೆ ತರುತ್ತಾರೆ. ಪ್ಲೇಟು ಮಾಲೀಕನದು. ನಮ್ಮಲ್ಲಿ ಕೆಎ ನಂಬರು ಕಾರಿನ ಜೊತೆಗೇ ಹೋಗುತ್ತದೆ.

ಡ್ರೈವಿಂಗ್ ಪರೀಕ್ಷೆ ನಡೆಸುವುದು ಐಸಿಬಿಸಿ. ಲೈಸೆನ್ಸ್ ಕೊಡುವುದೂ ಅದೇ. ಪಾಸಾದವನು ಗುದ್ದಿದರೆ ಹಣ ತೆರುವುದೂ ಅದೇ. ಆರ್‌ಟಿಒ ಕಚೇರಿಯಲ್ಲೇ ವಿಮೆಯ ಕೌಂಟರ್ ಇದ್ದ ಹಾಗಾಯಿತು.

ಲಿಖಿತ ಪರೀಕ್ಷೆಯನ್ನು ಪಂಜಾಬಿಯಲ್ಲೂ ಬರೆಯಬಹುದು.

ಟ್ರಾಫಿಕ್ ದಂಡ ಬಾಕಿ ಇದ್ದರೆ ಲೈಸೆನ್ಸ್ ನವೀಕರಿಸುವುದಿಲ್ಲ. ಮಕ್ಕಳ ಜೀವನಾಂಶ ಬಾಕಿ ಇದ್ದರೂ ತಡೆಹಿಡಿಯಬಹುದು.

2021ರ ಮೇ 1ರಿಂದ, ಕೆಲವು ಸಂದರ್ಭ ಬಿಟ್ಟರೆ, ಗಾಯಗೊಂಡವರು ಗುದ್ದಿದವನ ಮೇಲೆ ದಾವೆ ಹೂಡುವಂತಿಲ್ಲ. ತಪ್ಪು ಯಾರದೇ ಇರಲಿ, ಇಬ್ಬರಿಗೂ ಚಿಕಿತ್ಸೆಯುಂಟು. ಮೊದಲ 12 ವಾರಗಳಲ್ಲಿ ಫಿಸಿಯೋಥೆರಪಿ 25 ಸಲ, ಮಸಾಜ್ 12 ಸಲ. ಡಾಕ್ಟರ ಚೀಟಿ ಬೇಕಿಲ್ಲ. ಮಸಾಜಿಗೆ ಅರ್ಧ ಲೆಕ್ಕ ಯಾಕೋ.

ಆದರೂ ತಪ್ಪು ಯಾರದು ಎಂದು ಬರೆದಿಡುತ್ತಾರೆ. ಮುಂದಿನ ಪ್ರೀಮಿಯಂ ಏರುವುದು ಅದರ ಮೇಲೆ. ತಪ್ಪು ಮಾಡಿದವನ ಮೈ ರಿಪೇರಿಯಾಗುತ್ತದೆ. ಅವನ ಕಾರಿನ ರಿಪೇರಿ ಮೂಲ ವಿಮೆಯಲ್ಲಿಲ್ಲ. ಬೇರೆ ವಿಮೆ ಕೊಂಡಿರಬೇಕು. ಅದನ್ನು ಮಾತ್ರ ಖಾಸಗಿ ಕಂಪನಿಗಳೂ ಮಾರುತ್ತವೆ.

2018ರಲ್ಲಿ ಐಸಿಬಿಸಿ ನಷ್ಟದಲ್ಲಿತ್ತು. ಹೊತ್ತಿ ಉರಿಯುವ ಕಸದ ತೊಟ್ಟಿ ಎಂದು ಬೈದದ್ದು ವಿರೋಧ ಪಕ್ಷವಲ್ಲ, ಅದರ ಹೊಣೆ ಹೊತ್ತ ಮಂತ್ರಿ ಡೇವಿಡ್ ಈಬಿ.

2021ರಲ್ಲಿ ಅದೇ ಐಸಿಬಿಸಿ ಗ್ರಾಹಕರಿಗೆ ಸರಾಸರಿ 190 ಡಾಲರ್ ವಾಪಸ್ ಕೊಟ್ಟಿತು. ಕೋವಿಡ್‌ನಲ್ಲಿ ಕಾರುಗಳು ಮನೆ ಮುಂದೆ ನಿಂತಿದ್ದವು, ಗುದ್ದುವವರೂ ಕಡಿಮೆ.

2022ರಲ್ಲಿ ಈಬಿ ಪ್ರೀಮಿಯರ್ ಆದರು.

ನಮ್ಮಲ್ಲೂ ಸರ್ಕಾರಿ ವಿಮೆ ಉಂಟು, ಆದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ವಿಮೆ ಮಾಡುವುದು ಸರ್ಕಾರಿ ನೌಕರರ ಜೀವಕ್ಕೆ, ಸರ್ಕಾರಿ ವಾಹನಗಳಿಗೆ.

ಕೆನಡಾದ್ದೇ ಇನ್ನೊಂದು ಪ್ರಾಂತ್ಯ ಕ್ವಿಬೆಕ್‌ನಲ್ಲಿ 1978ರಿಂದ ಪಾಲು ಬೇರೆ. ಮೈಗಾದ ಗಾಯ ಸರ್ಕಾರದ ಲೆಕ್ಕ, ಕಾರಿಗಾದದ್ದು ಖಾಸಗಿಯವರ ಲೆಕ್ಕ. ಒಂದೇ ಅಪಘಾತಕ್ಕೆ ಎರಡು ಕಡೆ ಅರ್ಜಿ.

ಸಸ್ಕಾಚೆವಾನ್ ಪ್ರಾಂತ್ಯ ಅಲ್ಲಿನ ಎಲ್ಲರಿಗಿಂತ ಮೊದಲು, 1946ರಲ್ಲೇ ಸರ್ಕಾರಿ ಕಾರು ವಿಮೆ ಶುರು ಮಾಡಿತ್ತು. ದಾವೆ ಹೂಡುವ ಹಕ್ಕು ಬೇಕೋ ಬೇಡವೋ, ಅಲ್ಲಿ ಜನರೇ ಮೊದಲೇ ಆರಿಸಿಡಬಹುದು. ಏನೂ ಬರೆದುಕೊಡದವರು ಬೇಡ ಎಂದವರ ಲೆಕ್ಕಕ್ಕೆ ಸೇರುತ್ತಾರೆ.