ಹೊಗೆ ಲೆಕ್ಕ, ಕುದುರೆ ಲೆಕ್ಕ

ನಮ್ಮ ಮನೆಯ ಮಾರುತಿ ಎಂಟುನೂರಕ್ಕೆ ಈ ಜನವರಿಗೆ ಇಪ್ಪತ್ತೈದು ತುಂಬಿತು. ಮದುವೆಗಾಗಿದ್ದರೆ ಬೆಳ್ಳಿಹಬ್ಬ. ಕಾರಾದ್ದರಿಂದ ರಿನ್ಯೂವಲ್.

ಹದಿನೈದು ವರ್ಷ ಕಳೆದ ಕಾರು ಐದು ವರ್ಷಕ್ಕೊಮ್ಮೆ ಸರ್ಕಾರದ ಮುಂದೆ ನಿಂತು ‘ನಾನಿನ್ನೂ ಇದ್ದೇನೆ’ ಎಂದು ತೋರಿಸಿಕೊಂಡು ಬರಬೇಕು. ನಾನು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಪಿಂಚಣಿಗಾಗಿ ಬದುಕಿರುವ ಸರ್ಟಿಫಿಕೇಟು ಕೊಟ್ಟು ಬರುವುದಿಲ್ಲವೇ, ಹಾಗೆ. ವ್ಯತ್ಯಾಸ ಒಂದೇ. ನಾನು ಬದುಕಿದ್ದರೆ ಅವರು ನನಗೆ ದುಡ್ಡು ಕೊಡುತ್ತಾರೆ, ಕಾರು ಬದುಕಿದ್ದರೆ ನಾನು ಅವರಿಗೆ ಕೊಡಬೇಕು. 2021ರಲ್ಲಿ ಈ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ದಾಟಿದ ಕಾರುಗಳಿಗೆಂದೇ ವಿಶೇಷ ಅಕ್ಕರೆಯಿಂದ, 10,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ 500.

‘ಹತ್ತೂವರೆ ಸಾವಿರ ಕೊಟ್ಟು ಈ ಡಬ್ಬ ಇಟ್ಕೋಬೇಕೇನ್ರೀ?’ ಎಂದಳು ನನ್ನಾಕೆ.

ಹತ್ತು ಸಾವಿರದ ಬಗ್ಗೆ ನನಗೇನೂ ತಕರಾರಿರಲಿಲ್ಲ. ತಲೆ ಕೆಡಿಸಿದ್ದು ಆ ಐನೂರು. ಹೆಸರು ಹಸಿರು ತೆರಿಗೆ, ನೋಡುವುದು ವಯಸ್ಸು. ನಮ್ಮ ಕಾರು ತಿಂಗಳಿಗೆರಡು ಸಲ ಹಳೇಬೀಡಿನಿಂದ ಹದಿನಾರು ಕಿಲೋಮೀಟರು ದೂರದ ಬೇಲೂರಿಗೆ ಹೋಗುತ್ತದೆ, ವರ್ಷಕ್ಕೊಮ್ಮೆ ಅರಸೀಕೆರೆ ಕಡೆಯ ಮಾಲೇಕಲ್ಲು ತಿರುಪತಿಗೆ. ಉಳಿದ ದಿನ ಸೀಬೆ ಮರದ ಕೆಳಗೆ ಕೋಳಿಗಳಿಗೆ ನೆರಳು. ಇದು ಕಕ್ಕುವ ಹೊಗೆಗಿಂತ ನಮ್ಮ ಹಂಡೆ ಒಲೆಯ ಹೊಗೆ ಹೆಚ್ಚು. ಆದರೆ ದಿನಾ ಬೆಂಗಳೂರಿಗೆ ಹೋಗಿ ಬರುವ ಹೊಸ ಕಾರಿಗೆ ಹಸಿರು ತೆರಿಗೆ ಇಲ್ಲ, ಇದಕ್ಕೆ ಉಂಟು. ಹೊಗೆಯನ್ನು ನಿಜವಾಗಿ ನೋಡುವವನು ಎಮಿಷನ್ ಟೆಸ್ಟಿನ ಹುಡುಗ. ಸೈಲೆನ್ಸರಿನೊಳಗೆ ಕೊಳವೆ ತುರುಕಿ, ನಂಬರ್ ಪ್ಲೇಟಿನ ಫೋಟೊ ಹಿಡಿದು, ಚೀಟಿ ಕೊಡುತ್ತಾನೆ. ಆ ಚೀಟಿಗೂ ತೆರಿಗೆಗೂ ಮಾತುಕತೆಯಿಲ್ಲ, ಒಂದೇ ಬೀದಿಯ ಜಗಳಗಂಟ ದಾಯಾದಿಗಳ ಹಾಗೆ.

ಈ ಸಂಕಟವನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ನನ್ನ ಅಕ್ಕನ ಮಗನ ಹತ್ತಿರ ಫೋನಿನಲ್ಲಿ ತೋಡಿಕೊಂಡೆ.

‘ಇಲ್ಲಿ ಗ್ರಾಂ ಲೆಕ್ಕ ಮಾವ’ ಎಂದ ಅವನು.

ಅಲ್ಲಿ 2001ರ ಮಾರ್ಚಿನಿಂದ ಹೊಸ ಕಾರುಗಳ ವರ್ಷದ ತೆರಿಗೆಯನ್ನು ಅವು ಕಿಲೋಮೀಟರಿಗೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ ಎಂದು ನೋಡಿ ಕಟ್ಟಿಸಿಕೊಳ್ಳುತ್ತಿದ್ದರಂತೆ. ನೂರು ಗ್ರಾಂ ಒಳಗಿದ್ದರೆ ಸೊನ್ನೆ. ಹುಡುಗನಿಗೆ ಫೋರ್ಡ್ ಫಿಯೆಸ್ಟಾ ಎಸ್‌ಟಿ ಮೇಲೆ ಕಣ್ಣಿತ್ತು. 182 ಕುದುರೆಶಕ್ತಿ, 138 ಗ್ರಾಂ. ಅದೇ ಫಿಯೆಸ್ಟಾದಲ್ಲಿ ಒಂದು ಲೀಟರಿನ ಸಣ್ಣ ಟರ್ಬೊ ಎಂಜಿನ್ನಿನದೂ ಇತ್ತು. ನೂರು ಕುದುರೆ, 99 ಗ್ರಾಂ. ಒಂದು ಗ್ರಾಂ ಕಮ್ಮಿಯಾಗಿ ಅವನಿಗೆ ತೆರಿಗೆ ಇಲ್ಲವಾಯಿತು, ಎಂಬತ್ತೆರಡು ಕುದುರೆ ಕಮ್ಮಿಯಾಗಿ ಅವನ ಮುಖದ ಕಳೆಯೂ ಇಲ್ಲವಾಯಿತು. 2017ರ ಏಪ್ರಿಲ್ಲಿನ ಮೇಲೆ ಬಂದ ಕಾರುಗಳಿಗೆ ಆ ಸೊನ್ನೆಯ ಭಾಗ್ಯವನ್ನೂ ತೆಗೆದರು. ಮೊದಲ ವರ್ಷ ಮಾತ್ರ ಗ್ರಾಂ, ಆಮೇಲೆ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ ದರ.

‘ಒಂದು ಗ್ರಾಂ ಅಂದ್ರೆ ಒಂದು ಮೂಗುಬಟ್ಟು’ ಎಂದಳು ನನ್ನಾಕೆ. ಗ್ರಾಂ ಎಂಬುದು ಚಿನ್ನಕ್ಕೆ ಮಾತ್ರ ಸಲ್ಲುವ ಅಳತೆ ಎಂದು ಅವಳ ನಂಬಿಕೆ.

ನಿವೃತ್ತ ವಿಜ್ಞಾನ ಮೇಷ್ಟ್ರಾದ ನಾನು ಸುಮ್ಮನಿರಲಾರದೆ ಅಡುಗೆಮನೆಯ ಕಟ್ಟೆಯ ಮೇಲೆ ಲೆಕ್ಕ ಹಾಕಿದೆ. ಒಂದು ಲೀಟರ್ ಪೆಟ್ರೋಲು ತೂಗುವುದು ಮುಕ್ಕಾಲು ಕೆಜಿ. ಉರಿಯುವಾಗ ಅದರ ಕಾರ್ಬನ್ನು ಗಾಳಿಯ ಆಮ್ಲಜನಕವನ್ನೂ ಕಟ್ಟಿಕೊಂಡು ಹೊರಡುವುದರಿಂದ ಹೊರಬರುವ ಕಾರ್ಬನ್ ಡೈಆಕ್ಸೈಡು ಸುಮಾರು 2.3 ಕೆಜಿ.

‘ಮುಕ್ಕಾಲು ಹಾಕಿದ್ರೆ ಎರಡೂಕಾಲು ಬರುತ್ತೆ ಅಂತ ಆ ಚಿಟ್ ಫಂಡಿನವನೂ ಹೇಳಿದ್ದ’ ಎಂದಳು. ಅವನು ಓಡಿಹೋಗಿ ಆರು ವರ್ಷವಾಯಿತು.

ನಮ್ಮ ಎಂಟುನೂರು ಲೀಟರಿಗೆ ಹದಿನೆಂಟು ಕೊಡುತ್ತದೆ. ಅಂದರೆ ಕಿಲೋಮೀಟರಿಗೆ 128 ಗ್ರಾಂ. ಕವೆಂಟ್ರಿಯಲ್ಲೂ ಪಾಸಾಗುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಇದಕ್ಕೂ ಮೊದಲೇ ಶುರುವಾದದ್ದು ಮಗನ ಗೋಳು. ಅವನದು ಬೆಂಗಳೂರು, ಅವನ ಸಮಸ್ಯೆ ಎರಡು ಕಾರು. ಹ್ಯುಂಡೈ ಐ20 ಎನ್ ಲೈನೋ, ಟಾಟಾ ಆಲ್ಟ್ರೋಜ್ ರೇಸರೋ? 2024ರ ದೀಪಾವಳಿಗೆ ಬಂದವನು ಒಬ್ಬಟ್ಟಿನ ಮುಂದೆಯೂ ಇದನ್ನೇ ಬಡಿದುಕೊಂಡ. ಅದಕ್ಕೂ 120 ಕುದುರೆ, ಇದಕ್ಕೂ 120. ಹೆಣ್ಣು ನೋಡಲು ಹೋದಾಗಲೂ ಈ ಹುಡುಗ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ನನಗೆ ಹಿಡಿಸಿದ್ದು ಕುದುರೆಗಳಲ್ಲ, ಉದ್ದ. ಒಂದು 3,995 ಮಿಲಿಮೀಟರ್, ಇನ್ನೊಂದು 3,990. ನಾಲ್ಕು ಮೀಟರಿಗೆ ಒಂದರಲ್ಲಿ ಐದು, ಇನ್ನೊಂದರಲ್ಲಿ ಹತ್ತು ಮಿಲಿಮೀಟರು ಬಾಕಿ. ಒಂದು ಅವರೆಕಾಳು ಅಡ್ಡ ಇಟ್ಟರೆ ಕಾರು ದೊಡ್ಡದಾಗಿಬಿಡುತ್ತದೆ. ಇದು ಸುಮ್ಮನೆ ಆದದ್ದಲ್ಲ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಗೆರೆ ಎಳೆಯಿತು. ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1,200 ಸಿಸಿ ಮೀರದ ಕಾರು ಸಣ್ಣದು, ಅದಕ್ಕೆ ತೆರಿಗೆ ಕಮ್ಮಿ. ಎಂಜಿನಿಯರುಗಳು ಗೆರೆ ನೋಡಿದರು, ಬಂಪರು ಒತ್ತಿದರು, ಡಿಕ್ಕಿ ಕತ್ತರಿಸಿದರು. ಎಂಜಿನ್ನು ಸಣ್ಣದಿರಲಿ ಎಂದರೆ ಸಣ್ಣದೇ ಇಟ್ಟು ಟರ್ಬೊದಿಂದ ಗಾಳಿ ತುರುಕಿದರು. ಹೀಗಾಗಿ 998 ಸಿಸಿಯಲ್ಲಿ 120 ಕುದುರೆ ಹೊಕ್ಕವು, ಬಸ್ಸಿನ ಹಾಫ್ ಟಿಕೆಟ್ಟಿನಲ್ಲಿ ಮೀಸೆ ಬಂದ ಹುಡುಗ ಹತ್ತಿದ ಹಾಗೆ. 2025ರ ಸೆಪ್ಟೆಂಬರ್ 22ರಿಂದ ಈ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಇಬ್ಬರು ರೇಸರುಗಳೂ ಬಡವರ ಸಾಲಿನಲ್ಲೇ ನಿಂತು ರಿಯಾಯಿತಿ ಪಡೆದರು. ಗೆರೆಯಾಚೆಯವರಿಗೆ ಶೇ. 40.

ರಾಜ್ಯದ ಪಾಲು ಬೇರೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಬೆಲೆ ನೋಡಿ. ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಹತ್ತು ದಾಟಿದರೆ 17, ಮೇಲೆ ಸೆಸ್ಸು. ಮಗನೂ ನಾನೂ ಜಗಲಿಯಲ್ಲಿ ಕೂತು, ಸನ್‌ರೂಫು ಬೇಕೆಂದರೆ ಹತ್ತರ ಗೆರೆ ದಾಟುತ್ತದೋ ಇಲ್ಲವೋ ಎಂದು ಒಂದು ಸಂಜೆ ಕಳೆದೆವು. ಉದ್ದ ಕೇಳಿದರು, ಸಿಸಿ ಕೇಳಿದರು, ಬೆಲೆ ಕೇಳಿದರು. ಹೊಗೆ ಎಷ್ಟು ಎಂದು ತೆರಿಗೆ ಹಾಕುವ ಪುಣ್ಯಾತ್ಮರೊಬ್ಬರೂ ಕೇಳಲಿಲ್ಲ.

ಸೊಸೆ ಒಳಗಿನಿಂದಲೇ, ‘ಎಲೆಕ್ಟ್ರಿಕ್ ತಗೊಳ್ಳಿ, ಹೊಗೇನೂ ಇಲ್ಲ, ಟ್ಯಾಕ್ಸೂ ಕಮ್ಮಿ’ ಎಂದಳು. ಅಪ್ಪಟ ಸತ್ಯ. ಅಪ್ಪ ಮಗ ಇಬ್ಬರಿಗೂ ಕೇಳಿಸಲಿಲ್ಲ.

ಈಗ ನನ್ನ ಗುಟ್ಟು. 2001ರ ಜನವರಿಯಲ್ಲಿ ನಾನು ಎಂಟುನೂರು ಕೊಂಡೆ. ಮೂರು ಸಿಲಿಂಡರು, 37 ಕುದುರೆ. ಅದೇ ಸೆಪ್ಟೆಂಬರಿನಲ್ಲಿ ಫಿಯೆಟ್ ಪಾಲಿಯೊ ಬಂತು. ತೆಂಡೂಲ್ಕರ್ ಜಾಹೀರಾತು. ಅದರ 1.6 ಎಂಜಿನ್ನಿನದಕ್ಕೆ ಸರಿಯಾಗಿ ನೂರು ಕುದುರೆ. ಹಾಸನದಲ್ಲಿದ್ದ ನನ್ನ ಬಾಮೈದ, ಮೆಣಸಿಗೆ ಒಳ್ಳೆ ರೇಟು ಸಿಕ್ಕ ಅಮಲಿನಲ್ಲಿ, ಒಂದನ್ನು ಕೊಂಡುಬಿಟ್ಟ. ಒಂದು ಭಾನುವಾರ ಹಗರೆ ದಾಟಿದ ಮೇಲೆ ಸ್ಟೇರಿಂಗು ನನಗೆ ಕೊಟ್ಟು, ‘ತುಳೀರಿ ಭಾವ’ ಎಂದ. ತುಳಿದೆ. ಬೆನ್ನು ಸೀಟಿಗೆ ಅಂಟಿತು. ಎದುರಿನ ಹುಣಸೆ ಮರಗಳು ರಸ್ತೆಯಿಂದ ಎದ್ದು ಕಿಟಕಿಯೊಳಗೇ ಬಂದವು. ಪಕ್ಕದ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ ಚೆಂಡನ್ನು ಗಂಟೆಗೆ 150 ಕಿಲೋಮೀಟರಿನ ಆಚೆ ಒಗೆದಿದ್ದ. ನಮ್ಮ ಸೀಮೆಯ ಹೆಸರಿನಲ್ಲಿ ಅಷ್ಟು ವೇಗವಾಗಿ ಹೋದದ್ದು ಆ ಚೆಂಡು ಬಿಟ್ಟರೆ ನಾನೇ ಎಂದು ಅನ್ನಿಸಿತು. ಮುಳ್ಳು ನೋಡಿದೆ, 92.

ಅದು ಲೀಟರಿಗೆ ಹತ್ತು ಕೊಡುವುದೂ ಕಷ್ಟ ಎಂದು ಬಾಮೈದ ಗೊಣಗುತ್ತಿದ್ದ. ಎರಡೇ ವರ್ಷಕ್ಕೆ ಮಾರಿದ. ಅದನ್ನು ನಾನೇ ಕೇಳಬಹುದಿತ್ತು. ಮಗ ಏಳನೇ ಕ್ಲಾಸು, ಮಗಳ ಕಿವಿಗೆ ಓಲೆ, ಮನೆ ಹೆಂಚು ಬದಲಿಸಬೇಕು. ಕೇಳಲಿಲ್ಲ. ಇವತ್ತಿನ ಗೆರೆಗೆ ಹಿಡಿದರೆ 1,596 ಸಿಸಿಯ ಆ ಪುಟ್ಟ ಪಾಲಿಯೊ ದೊಡ್ಡ ಕಾರು, ಶೇ. 40ರದು, ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನವೇನೂ ಆಗುವುದಿಲ್ಲ.

ಸಂಜೆಹೊತ್ತು ವಾಕಿಂಗಿಗೆ ಹೊಯ್ಸಳೇಶ್ವರನ ಗುಡಿಯ ಕಡೆ ಹೋಗುತ್ತೇನೆ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹೊರಗೆ ನಿಲ್ಲುವ ಕಾರುಗಳೇ ಒಂದು ಪ್ರದರ್ಶನ. ಒಳಗೆ ಗೋಡೆಯ ಬುಡದಲ್ಲಿ ಸಾಲು ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಶಿಲ್ಪಿ ಭಾರ ಹೊರುವುದಕ್ಕೆ ಆನೆ ಇಟ್ಟ, ಓಡುವುದಕ್ಕೆ ಕುದುರೆ. ನಾನು ಜೀವನಪೂರ್ತಿ ಕೆಳಗಿನ ಸಾಲಿನಲ್ಲಿದ್ದವನು. ಆ ಕಾಲದವರಿಗೂ ತೆರಿಗೆ ತಪ್ಪಿರಲಿಲ್ಲ. ಶಾಸನಗಳಲ್ಲಿ ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಸಂತೆಗೆ ಹೊರಟ ಹೇರಿಗೆ ಸುಂಕ. ಎತ್ತು ಮುದಿಯಾಯಿತೆಂದು ಸುಂಕ ಹೆಚ್ಚಿಸಿದ ಶಾಸನವನ್ನು ನಾನಂತೂ ಓದಿಲ್ಲ.

ಮಗ ಕಡೆಗೆ ಎನ್ ಲೈನ್ ಕೊಂಡ. ಕಾರಣ ಕೇಳಿದರೆ, ‘ಸೈಲೆನ್ಸರ್ ಸೌಂಡು ಅಪ್ಪ’ ಎಂದ. ಒಂದು ವರ್ಷ ಜಿಎಸ್‌ಟಿ, ಸಿಸಿ, ಶೇಕಡಾ ಎಂದೆಲ್ಲ ಲೆಕ್ಕ ಹಾಕಿದ್ದು ಈ ಗುಡುಗುಡು ಸದ್ದಿಗೆ. ಊರಿಗೆ ತಂದ ದಿನ ಕೀ ನನ್ನ ಕೈಗಿಟ್ಟ. ನಾನು ಹಗರೆಯ ಕಡೆಗೇ ತಿರುಗಿಸಿದೆ. ಮುಂದೆ ಶುಂಠಿ ಮೂಟೆ ತುಂಬಿದ ಟ್ರ್ಯಾಕ್ಟರು, ಅದರ ಮುಂದೆ ಇನ್ನೊಂದು. ಇಪ್ಪತ್ತೈದರ ವೇಗದಲ್ಲಿ, ಎರಡನೇ ಗೇರಿನಲ್ಲಿ, 120 ಕುದುರೆಗಳು ಶುಂಠಿಯ ವಾಸನೆ ಕುಡಿಯುತ್ತಾ ನಡೆದವು. ‘ಓವರ್‌ಟೇಕ್ ಮಾಡಿ ಅಪ್ಪ’ ಎಂದ. ಮಾಡಲಿಲ್ಲ. ಹುಣಸೆ ಮರಗಳು ಇದ್ದಲ್ಲೇ ಇದ್ದವು, ಹಲವು ಕಡಿದಿದ್ದರು.

ರಿನ್ಯೂವಲ್ಲಿಗೆ ಹತ್ತೂವರೆ ಸಾವಿರ ಕಟ್ಟಿ, ಎಂಟುನೂರಿನಲ್ಲಿ ಒಬ್ಬನೇ ಹಾಸನದಿಂದ ಬರುತ್ತಿದ್ದೆ. ಹಗರೆ ದಾಟಿದೆ. ರಸ್ತೆ ಖಾಲಿ. ಐನೂರು ಕೊಟ್ಟಿದ್ದೇನಲ್ಲ, ಅಷ್ಟಾದರೂ ಹೊಗೆ ಬಿಡೋಣ ಎಂದುಕೊಂಡು ಕಾಲನ್ನು ನೆಲಕ್ಕೆ ಊರಿದೆ. ಮೂವತ್ತೇಳು ಕುದುರೆಗಳೂ ಒಟ್ಟಿಗೆ ಕೆಮ್ಮಿದವು. ಡ್ಯಾಶ್‌ಬೋರ್ಡಿನ ಗಣಪತಿ ನಡುಗಿದ. ಮುಳ್ಳು ಅರವತ್ತಕ್ಕೆ ಬಂತು, ಅರವತ್ತೆರಡಕ್ಕೆ ಬಂತು. ಹಿಂದಿನಿಂದ ಹಾಲಿನ ವ್ಯಾನು ಎರಡು ಸಲ ಹಾರನ್ನು ಹೊಡೆದು, ಕ್ಯಾನುಗಳನ್ನು ಗಲಗಲಿಸುತ್ತಾ ಮುಂದೆ ಹೋಯಿತು.