ಅಕ್ಷರ ಕೆಟ್ಟರೆ ದೂರು ಯಾರಿಗೆ?

2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದಾಗ, ಅದುವರೆಗೆ ಕೊಯಮತ್ತೂರು, ಈರೋಡುಗಳ ಕಚೇರಿಗಳಿಗೆ ಅಲೆಯುತ್ತಿದ್ದ ಅರ್ಜಿದಾರನ ಮುಂದಿದ್ದುದು ಒಂದೇ ಪ್ರಶ್ನೆ: ಇನ್ನು ಯಾರ ಬಳಿಗೆ ಹೋಗಬೇಕು? ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟಾಗಲೂ ಪ್ರಶ್ನೆ ಅದೇ.

ತಾಳವಾಡಿ ಕಡೆಯಿಂದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಬಂದ ಕುಟುಂಬವೊಂದರಲ್ಲಿ, ಮಗುವಿನ ಪಾಠದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದು ನಿಂತಿತೆಂದು ಭಾವಿಸೋಣ. ತಂದೆ ಅಂಗಡಿಯವನನ್ನು ಕೇಳುತ್ತಾನೆ; ಅವನು ಬೇರೊಂದು ಫಾಂಟ್ ಹಾಕಿಕೊಟ್ಟು ಕೈತೊಳೆದುಕೊಳ್ಳುತ್ತಾನೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಕೊಯಮತ್ತೂರಿನ ಎಷ್ಟೋ ದೇವಾಂಗರ ಮನೆಗಳಲ್ಲಿ ಕನ್ನಡ ನಾಲಗೆಯ ಮೇಲಿದೆ, ಲಿಪಿ ಕಣ್ಣಿಗೆ ಪರಿಚಯವಿಲ್ಲ. ಅಂಥಲ್ಲಿ ಮಗು ಮೊದಲು ಕಂಡ ಅಕ್ಷರವೇ ತಪ್ಪಾಗಿದ್ದರೆ ತಿದ್ದುವವರು ಯಾರು?

ತಮಿಳುನಾಡಿಗೆ ಸೂಸೆ ಲಿನಕ್ಸ್ ಹೊಸದಲ್ಲ. 2007ರ ಸುಮಾರಿಗೆ ಎಲ್ಕಾಟ್ ಸಂಸ್ಥೆಯೇ ಅದನ್ನು ಬಳಕೆಗೆ ತಂದಿತ್ತು. ಅದರ ಸಮುದಾಯ ರೂಪವಾದ ಓಪನ್‌ಸೂಸೆಯ ಪ್ಯಾಕೇಜುಗಳು ‘ಓಪನ್ ಬಿಲ್ಡ್ ಸರ್ವೀಸ್’ ಎಂಬ ಕಮ್ಮಟದಲ್ಲಿ ಸಿದ್ಧವಾಗುತ್ತವೆ. ಯಾವುದನ್ನು ಯಾರು ನೋಡಿಕೊಳ್ಳುತ್ತಾರೆಂಬ ದಾಖಲೆಯೂ ಅಲ್ಲಿಯೇ ಇದೆ. ಅದನ್ನು ಕೇಳುವ ಕಿಟಕಿಯೇ ಎಪಿಐ. ಪ್ರೋಗ್ರಾಮುಗಳು ಪ್ರಶ್ನಿಸಿ ಉತ್ತರ ಪಡೆಯಲೆಂದು ಮಾಡಿದ್ದು. ಖಾತೆ ತೆರೆದವರು ಅದರ ‘ಸರ್ಚ್’ ವಿಭಾಗದ ‘ಓನರ್’ ವಿಳಾಸಕ್ಕೆ, ತಮ್ಮ ಯಂತ್ರದಲ್ಲಿರುವ ಪ್ಯಾಕೇಜಿನ ಹೆಸರನ್ನು ‘ಬೈನರಿ’ ಎಂದು ಸೂಚಿಸಿ ಕೇಳಬಹುದು.

‘ಬೈನರಿ’ ಎನ್ನುವುದಕ್ಕೆ ಕಾರಣವಿದೆ. ನೋಟೋ ಸಾನ್ಸ್ ಕನ್ನಡ ನಮ್ಮ ಯಂತ್ರಕ್ಕೆ ಬಿಡಿಯಾಗಿ ಬಂದರೂ, ಅದರ ಮೂಲ ಹತ್ತಾರು ಲಿಪಿಗಳ ಒಂದೇ ಕಟ್ಟಿನಲ್ಲಿದೆ. ಉಪವಿಭಾಗದ ನಂಬರು ಹಿಡಿದು ಮೂಲ ಸರ್ವೆ ನಂಬರಿಗೆ ಹೋಗುವಂತೆ, ಎಪಿಐ ಬಿಡಿಯ ಹೆಸರಿನಿಂದ ಕಟ್ಟನ್ನು ಹುಡುಕುತ್ತದೆ. ಪ್ಯಾಕೇಜಿಗೆ ಸ್ವಂತ ನಿರ್ವಾಹಕರಿಲ್ಲದಿದ್ದರೆ ಅದನ್ನೊಳಗೊಂಡ ಪ್ರಾಜೆಕ್ಟಿನವರನ್ನು ತೋರಿಸುತ್ತದೆ. ಉತ್ತರದಲ್ಲಿ ‘ಮೇಂಟೇನರ್’ ಅಥವಾ ‘ಬಗ್‌ಓನರ್’ ಎಂಬ ಪಾತ್ರದೊಡನೆ ಖಾತೆಯ ಹೆಸರಿರುತ್ತದೆ. ಎರಡನೆಯವರು ದೋಷದ ದೂರು ಸ್ವೀಕರಿಸುವವರು.

ಇಲ್ಲಿ ದಾವೆಯ ಮಾತಿಲ್ಲ. ಮುಕ್ತ ತಂತ್ರಾಂಶದ ಪರವಾನಗಿಗಳು ಖಾತರಿಯನ್ನು ಸ್ಪಷ್ಟವಾಗಿ ನಿರಾಕರಿಸುತ್ತವೆ. ನಿರ್ವಾಹಕರಲ್ಲಿ ಅನೇಕರು ಸ್ವಯಂಸೇವಕರು. ಅವರು ಅಕ್ಷರ ಬರೆದವರೂ ಅಲ್ಲ. ನೋಟೋ ಗೂಗಲ್‌ನ ಕೊಡುಗೆ. ರೂಪದಲ್ಲೇ ದೋಷವಿದ್ದರೆ ದೂರನ್ನು ಅತ್ತ ದಾಟಿಸಬೇಕಾಗುತ್ತದೆ. ಆದ್ದರಿಂದ ನೋಟೀಸಿನ ಧಾಟಿ ಸಲ್ಲದು, ವಿಜ್ಞಾಪನೆ ಸಾಕು. ಪ್ಯಾಕೇಜಿನ ಆವೃತ್ತಿ, ಬಳಸಿದ ತಂತ್ರಾಂಶ, ಕೆಟ್ಟ ಪದ, ಅದರ ಸರಿರೂಪ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ಎರಡೂ ರೂಪಗಳ ಚಿತ್ರ ಸೇರಿಸುವುದು ಒಳ್ಳೆಯದು. ಓದುವವರಿಗೆ ಕನ್ನಡ ಬಾರದಿರಬಹುದು. ಒತ್ತಕ್ಷರ ಎಲ್ಲಿ ಕೂರಬೇಕೆಂದು ಅವರಿಗೆ ತೋರಿಸಿಕೊಡಬೇಕಾದವರು ತಾಳವಾಡಿಯ ಆ ತಂದೆಯಂಥವರೇ.