ವಾಹನದಲ್ಲಿ ವಸತಿ: ಲಡಾಖ್ ದಾರಿಯ ಕೆಲವು ಎಚ್ಚರಿಕೆಗಳು

ಹಿಂದೆ ನಮ್ಮ ಹಿರಿಯರು ಜಾತ್ರೆಗೆ ಹೊರಟರೆಂದರೆ ಚಕ್ಕಡಿಯೇ ಅವರ ಮನೆಯಾಗುತ್ತಿತ್ತು. ಹಗಲೆಲ್ಲ ಪಯಣ, ಸಂಜೆ ಕೆರೆಯ ದಂಡೆಯಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿನ ಒಲೆ ಹೂಡಿ ಅಡುಗೆ, ರಾತ್ರಿ ಚಕ್ಕಡಿಯ ಕೆಳಗೇ ನಿದ್ರೆ. ಇಂದಿನ ಮಕ್ಕಳು ಅದನ್ನೇ ಮೋಟಾರು ವಾಹನದಲ್ಲಿ ಮಾಡುತ್ತಿದ್ದಾರೆ. ವಾಹನದೊಳಗೇ ಹಾಸಿಗೆ, ಹಿಂಬದಿಯಲ್ಲಿ ಅಡುಗೆಯ ಪೆಟ್ಟಿಗೆ, ಜೊತೆಗೊಂದು ಮಡಚುವ ಡೇರೆ. ಹುಬ್ಬಳ್ಳಿಯಿಂದ ಹೊರಟರೆ ಲಡಾಖಿನವರೆಗೆ! ಆದರೆ ಎತ್ತು ದಣಿದರೆ ನಿಲ್ಲುತ್ತಿತ್ತು. ವಾಹನಕ್ಕೆ ಆ ವಿವೇಕವಿಲ್ಲ. ಶರೀರವು ಹೊಂದಿಕೊಳ್ಳುವುದಕ್ಕೆ ಮೊದಲೇ ಅದು ನಮ್ಮನ್ನು ಎತ್ತರಕ್ಕೆ ಏರಿಸಿ ಕೂರಿಸಿಬಿಡುತ್ತದೆ.

2022ರ ಸೆಪ್ಟೆಂಬರಿನಲ್ಲಿ ಮಗ, ಸೊಸೆ, ಮೊಮ್ಮಗನೊಡನೆ ನಾನೂ ನನ್ನ ಮನೆಯವರೂ ಇಂಥದೊಂದು ಪ್ರವಾಸ ಕೈಗೊಂಡೆವು. ಮನಾಲಿಯ ದಾರಿ ರಮ್ಯವಾದುದೆಂದು ಮಗನಿಗೆ ಅದರ ಮೇಲೆಯೇ ಮನಸ್ಸು. ಶ್ರೀನಗರದ ದಾರಿಯಿಂದ ಏರಿ, ಮನಾಲಿಯ ದಾರಿಯಿಂದ ಇಳಿಯೋಣವೆಂದು ನಾನು ಹಟ ಹಿಡಿದೆ. ಮೂರು ಸಾವಿರ ಮೀಟರಿಗಿಂತ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸೂತ್ರ. ಶ್ರೀನಗರ, ಕಾರ್ಗಿಲ್ ಮಾರ್ಗವಾಗಿ ಬಂದರೆ ಶರೀರಕ್ಕೆ ಬಿಡುವು ದೊರೆಯುತ್ತದೆ. ಬಳಿಕ ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಎರಡು ದಿನ ಸುಮ್ಮನೆ ವಿಶ್ರಮಿಸಬೇಕು. ಮನಾಲಿಯ ದಾರಿಯಾದರೋ ಹಾಗಲ್ಲ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಪಯಣ ಇನ್ನಷ್ಟು ಶೀಘ್ರವಾಗಿದೆ. ಬೆಳಿಗ್ಗೆ ಎರಡು ಸಾವಿರ ಮೀಟರಿನ ಮನಾಲಿಯಲ್ಲಿ ಚಹಾ ಕುಡಿದವರು ಸಂಜೆಗೆ 4,290 ಮೀಟರಿನ ಸರ್ಚುವಿನಲ್ಲಿ ಡೇರೆ ಹೂಡುತ್ತಾರೆ.

ಸರ್ಚುವಿನ ಸ್ವಭಾವವನ್ನು ಅರಿಯಬೇಕು. ಅದು ಎತ್ತರದ ನಡುವಿನ ಬಯಲು. ಅಲ್ಲಿ ಅಸ್ವಸ್ಥರಾದವರನ್ನು ಕೆಳಗಿಳಿಸಬೇಕಾದರೆ ಮೊದಲು ಇನ್ನೂ ಮೇಲೇರಬೇಕು. ಹಿಂದಕ್ಕೆ ಹೋದರೆ 4,890 ಮೀಟರಿನ ಬಾರಾಲಾಚಾ ಘಟ್ಟ. ಮುಂದಕ್ಕೆ ಹೋದರೆ 5,000 ಮೀಟರ್ ದಾಟಿದ ಲಾಚುಂಗ್ ಘಟ್ಟ. ಇಳಿಯುವುದೇ ಪರಮ ಚಿಕಿತ್ಸೆಯಾದ ಕಾಯಿಲೆಗೆ ಇದಕ್ಕಿಂತ ಕೆಟ್ಟ ತಾಣ ಬೇರೊಂದಿಲ್ಲ. ಲೇಹ್‌ನಲ್ಲಿ ಹಲವು ದಿನ ಕಳೆದಿದ್ದ ನಮಗೆ ಅಲ್ಲಿ ಒಂದು ರಾತ್ರಿ ತಂಗುವುದು ಕಷ್ಟವೆನಿಸಲಿಲ್ಲ.

ನಮ್ಮ ಡೇರೆಯಿಂದ ಇಪ್ಪತ್ತು ಮಾರು ದೂರದಲ್ಲಿ ಪುಣೆಯ ನಾಲ್ವರು ತರುಣರು ಬೀಡುಬಿಟ್ಟಿದ್ದರು. ಇಬ್ಬರು ಡೇರೆಯಲ್ಲಿ, ಇಬ್ಬರು ವಾಹನದಲ್ಲಿ. ಹಿಂದಿನ ದಿನವಷ್ಟೇ ಅವರು ಮನಾಲಿಯಿಂದ ಹೊರಟಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ ನನಗೆ ಎಚ್ಚರವಾದಾಗ ಅವರ ವಾಹನದ ಎಂಜಿನ್ ಸದ್ದು ಕೇಳುತ್ತಲೇ ಇತ್ತು. ಗಾಜುಗಳೆಲ್ಲ ಮುಚ್ಚಿವೆ, ಒಳಗೆ ಹೀಟರ್. ಮಗನನ್ನು ಎಬ್ಬಿಸಿದೆ. ಅವನು ಹೋಗಿ ಗಾಜು ಬಡಿದಾಗ ಒಬ್ಬ ತಡವರಿಸುತ್ತ ಬಾಗಿಲು ತೆರೆದ. ಇನ್ನೊಬ್ಬ ತಲೆ ಹಿಡಿದುಕೊಂಡು ವಾಂತಿ ಮಾಡಿಕೊಳ್ಳುತ್ತಿದ್ದ. "ಇದು ಎತ್ತರದ ತಲೆನೋವು ಕಾಕಾ, ಮಾತ್ರೆ ನುಂಗಿದ್ದೇವೆ, ಮಲಗಿದರೆ ಹೋಗುತ್ತದೆ" ಎಂದು ಮೊದಲಿನವನು ಹಿಂದಿಯಲ್ಲಿ ಹೇಳಿದ.

ಇಲ್ಲಿಯೇ ಇರುವುದು ಅಪಾಯದ ತಿರುಳು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಅದರ ಲಕ್ಷಣಗಳು. ಎತ್ತರದ ಕಾಯಿಲೆಯ ಲಕ್ಷಣಗಳೂ ಅವೇ! ಒಂದನ್ನು ಇನ್ನೊಂದೆಂದು ಬಗೆದು ಗಾಜು ಮುಚ್ಚಿ ಮಲಗಿದರೆ ಬೆಳಗಾಗುವ ಭರವಸೆಯಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದ ಬಳಿ ಹಿಮಪಾತದಲ್ಲಿ ವಾಹನಗಳು ಸಿಕ್ಕಿಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಕೆಲವರ ಪ್ರಾಣ ಹೋದುದು ಈ ವಿಷಾನಿಲದಿಂದಲೇ ಎಂದು ವರದಿಯಾಯಿತು. ಹೊಗೆಕೊಳವೆಯ ಬಾಯಿಗೆ ಹಿಮ ಕಟ್ಟಿದರೆ ಹೊಗೆ ಒಳಗೇ ನುಗ್ಗುತ್ತದೆ.

ಯಾವ ಕಾಯಿಲೆಯೆಂದು ನಿರ್ಣಯಿಸುತ್ತ ಕೂರಲು ಅದು ಸಮಯವಲ್ಲ. ಎಂಜಿನ್ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು, ಇಬ್ಬರನ್ನೂ ಹೊರಗೆ ತಂದು ಕಂಬಳಿ ಹೊದಿಸಿದೆವು. ಸಮೀಪದ ಡೇರೆಗಳ ಮಾಲೀಕನ ಬಳಿ ಆಮ್ಲಜನಕದ ಸಿಲಿಂಡರ್ ಇತ್ತು. ಅಂಗಡಿಯಲ್ಲಿ ಮಾರುವ ಸಣ್ಣ ಡಬ್ಬಿಗಳು ಕೆಲವೇ ನಿಮಿಷ ಬರುವಂಥವು. ಅವನ್ನೇ ನಂಬಿ ಹೋಗಬಾರದು. ಒಂದು ತಾಸಿನಲ್ಲಿ ವಾಂತಿ ನಿಂತಿತು, ಮಾತು ಸ್ಪಷ್ಟವಾಯಿತು. ನನ್ನ ಮನೆಯವರು ಅವರನ್ನು ನಿದ್ರಿಸಗೊಡದೆ, ಬಿಸಿನೀರು ಕೊಡುತ್ತ, ಅವರ ತಾಯಂದಿರ ಅಡುಗೆಯ ವಿಚಾರ ಕೇಳುತ್ತ ಬೆಳಗಿನವರೆಗೆ ಕುಳಿತಿದ್ದರು. ಮಸುಕು ಹರಿಯುತ್ತಲೇ, ಡೇರೆಯಲ್ಲಿ ಮಲಗಿದ್ದ ಗೆಳೆಯರು ವಾಹನ ನಡೆಸಿ ಅವರನ್ನು ಬಾರಾಲಾಚಾ ದಾಟಿಸಿ 3,200 ಮೀಟರಿನ ಜಿಸ್ಪಾಕ್ಕೆ ಇಳಿಸಿದರು. ಕೇಲಾಂಗಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಂಡು, ಕ್ಷೇಮವೆಂದು ದೂರವಾಣಿ ಮಾಡಿದರು.

ಆದ್ದರಿಂದ ಮಲಗುವಾಗ ಎಂಜಿನ್ ಓಡಕೂಡದು. ಡೇರೆಯೊಳಗೆ ಇದ್ದಿಲ ಅಗ್ಗಿಷ್ಟಿಕೆಯಾಗಲಿ ಅನಿಲದ ಒಲೆಯಾಗಲಿ ಕೂಡದು. ಚಳಿಗೆ ಒಳ್ಳೆಯ ರಜಾಯಿ, ಉಣ್ಣೆಯ ಕಾಲುಚೀಲ, ಬಿಸಿನೀರಿನ ಚೀಲ ಸಾಕು. ಈ ಅನಿಲವನ್ನು ಗುರುತಿಸಿ ಕೂಗುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಉಪಕರಣ ದೊರೆಯುತ್ತದೆ. ದುಬಾರಿಯ ದೀಪಗಳಿಗಿಂತ ಮೊದಲು ಅದನ್ನು ಕೊಳ್ಳಿರಿ. ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು.

ಉಳಿದವು ವಾಹನದ ಸಂಗತಿಗಳು. ಹಿಮ ಕರಗಿ ಹರಿಯುವ ತೊರೆಗಳು ಮಧ್ಯಾಹ್ನದ ಬಿಸಿಲಿಗೆ ಉಬ್ಬುತ್ತವೆ, ಬೆಳಿಗ್ಗೆಯೇ ದಾಟಬೇಕು. ಮೊದಲ ಗೇರಿನಲ್ಲಿ, ನಿಲ್ಲದೆ, ಗೇರು ಬದಲಿಸದೆ ಸಾಗಬೇಕು. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಹೋಗಬಾರದು, ಒಳಹೊಕ್ಕ ನೀರು ಎಂಜಿನ್ನನ್ನೇ ಮುರಿದೀತು. ಜಾಕಿನ ಕೆಳಗಿಡಲು ದಪ್ಪ ಹಲಗೆಯೊಂದಿರಲಿ; ಬರಿಯ ಜಾಕಿನ ಮೇಲೆ ನಿಂತ ವಾಹನದಡಿ ಯಾರೂ ನುಸುಳಬಾರದು. ಎಳೆಯುವ ಹಗ್ಗ ಬಿಗಿಯಾಗಿರುವಾಗ ಮಕ್ಕಳನ್ನು ದೂರವಿಡಿ. ಮನಾಲಿಯ ಕಡೆಯಿಂದ ಹೋಗುವವರು ತಾಂಡಿಯಲ್ಲಿ ಟ್ಯಾಂಕು ತುಂಬಿಸಿಕೊಳ್ಳದೆ ಮುಂದಡಿಯಿಡಬಾರದು. ಅಲ್ಲಿಂದ ಲೇಹ್ 360 ಕಿಲೋಮೀಟರಿಗೂ ಹೆಚ್ಚು.

ಗೃಹಿಣಿಯರಿಗೊಂದು ಮಾತು. ಸರ್ಚುವಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯುವುದು ಬಹು ನಿಧಾನ, ಬೇಳೆಯಂತೂ ಬೇಯುವುದೇ ಇಲ್ಲ. ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಹದಿನೈದು ದಿನ ಕೆಡದೆ ಬಂದವು. ಕುಕ್ಕರ್ ಒಯ್ಯಲೇಬೇಕು, ಅದರ ರಬ್ಬರಿನ ಬಳೆ ಇನ್ನೊಂದು ಹೆಚ್ಚಿಗೆ ಇರಲಿ, ಲೇಹ್‌ನಲ್ಲಿ ನಮ್ಮ ಅಳತೆಯದು ಸಿಗಲಿಲ್ಲ.